ಗಟ್ಟಿ ಆಯಿಲಿನ ಪಕ್ಷಪಾತಿ

ಬಡಗಿಗೆ ಬಂದ ಸಿಟ್ಟು ಅಂತಿಂಥದ್ದಲ್ಲ. ಹನ್ನೊಂದು ವರ್ಷದಿಂದ ಆ ಪಿಕಪ್ ಗಾಡಿಯನ್ನು ಓಡಿಸಿದವನು ಅವನು. ಅದರ ಕೆಮ್ಮು, ಗೊರಕೆ, ಮುನಿಸು ಎಲ್ಲವನ್ನೂ ಬಲ್ಲವನು ಅವನು. ಹಾಗಿರುವಾಗ ಅದಕ್ಕೆ ಯಾವ ಇಂಜಿನ್ ಆಯಿಲ್ ಹಾಕಬೇಕೆಂದು ಅವನ ಹೆಂಡತಿ ಕೇಳಿದ್ದು ಯಾರನ್ನು? ಪುಸ್ತಕವನ್ನು! ಗಾಡಿಯ ಜೊತೆ ಬಂದಿದ್ದ ಆ ಕೈಪಿಡಿಯನ್ನು ಅವನು ಈವರೆಗೆ ಬಳಸಿದ್ದು ಒಂದೇ ಕೆಲಸಕ್ಕೆ, ಅಡುಗೆಮನೆಯ ಕುಂಟು ಸ್ಟೂಲಿನ ಕಾಲಡಿ ಇಡುವುದಕ್ಕೆ. (ಬಡಗಿಯ ಮನೆಯ ಸ್ಟೂಲು ಕುಂಟುವುದೇಕೆ ಎಂದು ಕೇಳಬೇಡಿ. ಅದು ಬೇರೆಯೇ ಜಗಳ.)

ಆಯಿಲಿನ ಮಾತು ಬಂದದ್ದಕ್ಕೆ ಕಾರಣವಿತ್ತು. ಶಾಲೆಯೊಂದಕ್ಕೆ ಅವನು ಬೆಂಚುಗಳನ್ನು ಮಾಡಿಕೊಡುತ್ತಿದ್ದ. ಸೋಮವಾರ ಬೆಳಗಿನ ಚಳಿಗೆ ಗಾಡಿ ಸ್ಟಾರ್ಟ್ ಆಗದೆ ನಲವತ್ತು ನಿಮಿಷ ನರಳಿ, ಮೊದಲ ಕಂತು ಶಾಲೆ ಮುಟ್ಟುವಾಗ ಗಂಟೆ ಹೊಡೆದು ಮಕ್ಕಳು ನೆಲದ ಮೇಲೆ ಕೂತಾಗಿತ್ತು. ಗುರುವಾರ ಎಂಟು ಗಂಟೆಗೆ ಎರಡನೇ ಕಂತು ಬರದಿದ್ದರೆ ಉಳಿದದ್ದನ್ನು ಬೇರೆಯವರ ಹತ್ತಿರ ಮಾಡಿಸುವುದಾಗಿ ಹೆಡ್‌ಮಿಸ್ಸು ಕಡ್ಡಿ ಮುರಿದಂತೆ ಹೇಳಿದ್ದರು.

“ಹಳೇ ಇಂಜಿನ್ ಕಣೇ, ಗಟ್ಟಿ ಆಯಿಲ್ ಬೇಕು. ಇಪ್ಪತ್ತು-ಐವತ್ತು ನಂಬರಿಂದು!” ಎಂದ ಬಡಗಿ.

“ಪುಸ್ತಕದಲ್ಲಿ ಐದು-ಮೂವತ್ತು ಅಂತ ಇದೆ ರೀ. ಮೊದಲನೇ ಅಂಕಿ ಚಳಿಗಂತೆ. ಅದು ಕಮ್ಮಿ ಇದ್ದಷ್ಟೂ ಚಳೀಲಿ ಆಯಿಲ್ ಸಲೀಸಾಗಿ ಹರಿಯತ್ತೆ.”

“ಹರಿಯೋಕೆ ಇದೇನು ನಲ್ಲಿ ನೀರಾ? ಆಯಿಲ್ ಅಂದ್ರೆ ಒಂದು ತೂಕ ಇರ್ಬೇಕು.”

“ಬೆಳಗ್ಗೆ ಹೊತ್ತು ನಿಮ್ಮ ಮರದ ಅಂಟು ಡಬ್ಬಿಯಿಂದ ಬೀಳದೇ ಇದ್ದಾಗ ‘ಬಿಸಿನೀರು ತಾರೇ’ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗೋರು ಯಾರು?”

ಸಂಸಾರದ ಜಗಳಕ್ಕೆ ಕಸುಬನ್ನು ಎಳೆದು ತರುವುದು ಅಧರ್ಮವೆಂದು ಬಡಗಿ ಘೋಷಿಸಿದ. ಘೋಷಿಸಿ, ಹೋಗಿ, ಒಂದು ಕ್ಯಾನ್ ಇಪ್ಪತ್ತು-ಐವತ್ತು ತಂದು ನಡುಮನೆಯಲ್ಲಿ ಪ್ರತಿಷ್ಠಾಪಿಸಿದ. ಸಂಜೆ ನೋಡುತ್ತಾನೆ, ಪಕ್ಕದಲ್ಲಿ ಇನ್ನೊಂದು ಕ್ಯಾನ್. ಐದು-ಮೂವತ್ತು. ಹೆಂಡತಿ ತಂದದ್ದು, ಕೇಳದೆ, ಹೇಳದೆ! ಅವನು ಅದರ ಮುಖವನ್ನು ಗೋಡೆಗೆ ತಿರುಗಿಸಿಟ್ಟ. ಮೂರು ದಿನ ಆ ಮನೆಯಲ್ಲಿ ಗಟ್ಟಿ ಮತ್ತು ತೆಳು ಎಂಬ ಎರಡು ಪಕ್ಷಗಳಿದ್ದವು. ವಾದ ಬಿಸಿಯಾದಷ್ಟೂ ಊಟ ಆರುತ್ತಿತ್ತು. ಬುಧವಾರ ಸಂಜೆ ಹೆಂಡತಿ, “ಏನಾದ್ರೂ ಮಾಡ್ಕೊಳ್ಳಿ” ಎಂದಳು. ಬಡಗಿ ಅದನ್ನು ಜಯವೆಂದು ತಿಳಿದ.

ಗುರುವಾರ ಬೆಳಿಗ್ಗೆ ಆರಕ್ಕೇ ಅವನು ಗಾಡಿಯಡಿ ತೂರಿ, ಆಯಿಲ್ ಇಳಿಸುವ ಬೋಲ್ಟ್ ಬಿಚ್ಚಿದ. ಹಳೇ ಆಯಿಲೆಲ್ಲ ಟಬ್ಬಿಗೆ ಇಳಿಯಿತು. ಟಬ್ಬನ್ನು ಪಕ್ಕಕ್ಕೆ ಸರಿಸಿ, ಬೋಲ್ಟನ್ನು ಅಂಗಿಗೆ ಒರೆಸಿ, ತುಟಿಗಳ ನಡುವೆ ಸಿಕ್ಕಿಸಿಕೊಂಡ. ಮೂವತ್ತು ವರ್ಷದಿಂದ ಕೆಲಸದ ಹೊತ್ತಿನಲ್ಲಿ ಮೊಳೆಗಳಿರುವುದು ಅಲ್ಲೇ ತಾನೆ? ಎದ್ದು ಬಂದು ಬಾನೆಟ್ ಎತ್ತಿ ಸುರಿಯತೊಡಗಿದ. ಆಹಾ, ಏನು ಗಾಂಭೀರ್ಯ! ಚಳಿಗೆ ಇನ್ನಷ್ಟು ಮಂದವಾಗಿದ್ದ ಆಯಿಲ್ ಒಲ್ಲದ ಮನಸ್ಸಿನಿಂದ ಇಳಿಯುತ್ತಿತ್ತು.

ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು: “ರೀ, ಕೆಳಗಡೆ ಮುಚ್ಚಿದ್ರಾ?”

ಎಂಥ ಪ್ರಶ್ನೆ! ಇವನನ್ನು ಕೇಳುವ ಪ್ರಶ್ನೆಯೇ ಅದು? ಹತ್ತು ಖಾರವಾದ ಉತ್ತರಗಳು ಗಂಟಲಿಗೆ ಬಂದವು. ಬಾಯಲ್ಲಿ ಬೋಲ್ಟ್ ಇದ್ದುದರಿಂದ ಒಂದೂ ಹೊರಡಲಿಲ್ಲ. ಕಣ್ಣು ಕೆಕ್ಕರಿಸಿ, ಹೌದೆಂದು ಮೂರು ಸಲ ಜೋರಾಗಿ ತಲೆಯಾಡಿಸಿದ. ಹದಿನಾರು ವರ್ಷದ ದಾಂಪತ್ಯದಲ್ಲಿ ಗಂಡ ಎದುರುತ್ತರ ಕೊಡದಿದ್ದದ್ದು ಅದೇ ಮೊದಲು. ಅವಳು ಬೆರಗಾಗಿ ಒಳಗೆ ಹೋದಳು.

ಕ್ಯಾನ್ ಬರಿದಾಯಿತು. ಅಳತೆಕಡ್ಡಿ ಎಳೆದು ನೋಡಿದರೆ ಒಣಗಿ ನಿಂತಿದೆ. ಅಷ್ಟರಲ್ಲಿ ಚಪ್ಪಲಿಯಡಿ ಏನೋ ಜಾರಿತು. ನೋಡಿದರೆ ಇಪ್ಪತ್ತು-ಐವತ್ತು ಅದೇ ಗಾಂಭೀರ್ಯದಿಂದ ಗಾಡಿಯಡಿಯಿಂದ ಅಂಗಳಕ್ಕೆ ಬರುತ್ತಿದೆ!

“ಅಯ್ಯೋ!” ಎಂದ ಬಡಗಿ. ಬೋಲ್ಟ್ ಬಾಯಿಂದ ಉದುರಿ ಆ ಮಡುವಿನಲ್ಲೇ ಬಿತ್ತು.

ಹೆಂಡತಿ ಓಡಿ ಬಂದಳು. ಆಯಿಲ್ ನೋಡಿದಳು, ಬೋಲ್ಟ್ ನೋಡಿದಳು, ಗಂಡನ ತುಟಿಯ ಕಪ್ಪು ನೋಡಿದಳು. ಒಂದು ಮಾತೂ ಆಡಲಿಲ್ಲ. ಅದೇ ಅವನಿಗೆ ಸಹಿಸಲಾಗದ ಅನ್ಯಾಯವೆನಿಸಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೈಯದ ಹೆಂಗಸಿನ ಜೊತೆ ಏನಂತ ಜಗಳವಾಡುವುದು? ಅವಳು ಒಂದು ಕೈಯಲ್ಲಿ ಮರದ ಹೊಟ್ಟಿನ ಚೀಲ, ಇನ್ನೊಂದರಲ್ಲಿ ತನ್ನ ಕ್ಯಾನ್ ಹಿಡಿದು ತಂದಳು. ಆಗ ಗಂಟೆ ಏಳು.

ಹೊಟ್ಟು ಹರಡಿ, ಬೋಲ್ಟ್ ಬಿಗಿದು, ಐದು-ಮೂವತ್ತನ್ನು ಸುರಿದದ್ದಾಯಿತು. ಕೀಲಿ ತಿರುಗಿಸುವಾಗ ಗಾಡಿ ಒಂದು ಸಲವಾದರೂ ನರಳಲೆಂದು ಬಡಗಿ ಮನಸ್ಸಿನಲ್ಲೇ ಬೇಡಿಕೊಂಡ. ಮರುಕ್ಷಣ ಬೆಂಚುಗಳ ನೆನಪಾಗಿ ಬೇಡಿಕೆಯನ್ನು ಹಿಂದಕ್ಕೆ ಪಡೆದ. ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ದ್ರೋಹಿ! ಹನ್ನೊಂದು ವರ್ಷ ಸಾಕಿದವನು ಇವನು, ಒಂದು ಕ್ಯಾನಿಗೆ ಅವಳ ಪಕ್ಷ ಸೇರಿಬಿಟ್ಟಿತು.

ಎಂಟಕ್ಕೆ ಐದು ನಿಮಿಷವಿರುವಾಗ ಗಂಡ-ಹೆಂಡತಿ ಶಾಲೆ ತಲುಪಿದರು. ಗೇಟಿನಲ್ಲಿದ್ದ ಹೆಡ್‌ಮಿಸ್ಸು ಗಡಿಯಾರ ನೋಡಿ, ಗಾಡಿ ನೋಡಿ, “ಇವತ್ತು ಸದ್ದೇ ಇಲ್ಲವಲ್ಲ, ಏನು ಮಾಡಿದ್ರಿ?” ಎಂದರು.

ಬಡಗಿಯ ಎದೆ ತಾನಾಗಿಯೇ ಉಬ್ಬಿತು. “ಆಯಿಲ್ ಮೇಡಂ! ಐದು-ಮೂವತ್ತು. ಜನಕ್ಕೆ ಗಟ್ಟಿ ಆಯಿಲ್ ಹುಚ್ಚು. ಮೊದಲನೇ ಅಂಕಿ ಚಳಿಗೆ ಅನ್ನೋದೇ ಗೊತ್ತಿರಲ್ಲ. ಎಲ್ಲಾ ಪುಸ್ತಕದಲ್ಲಿದೆ, ಓದಬೇಕಷ್ಟೆ. ನನ್ನ ಕೈಯಾರೆ ನಾನೇ ಬದಲಾಯಿಸ್ದೆ.”

ಪಕ್ಕದ ಸೀಟಿನಲ್ಲಿದ್ದ ಹೆಂಡತಿ ಕಿಟಕಿಯಾಚೆ ಮರವೊಂದನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

“ಒಳ್ಳೇದಾಯ್ತು. ನಮ್ಮ ಶಾಲೆ ವ್ಯಾನಿಂದೂ ಬೆಳಗ್ಗೆ ಹೊತ್ತು ಇದೇ ಗೋಳು. ಹೇಗೂ ಬಂದಿದ್ದೀರಿ, ಈಗಲೇ ಅದಕ್ಕೂ ಬದಲಾಯಿಸಿ ಕೊಟ್ಟುಬಿಡಿ. ಎಂಟನೇ ತರಗತಿ ಮಕ್ಕಳನ್ನೂ ಕಳಿಸ್ತೀನಿ, ನೋಡಿ ಕಲೀಲಿ.”

ಬಡಗಿಯ ಮುಖ ಇಳಿಯಿತು. ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಬಾಗಿಲು ತೆಗೆದು ಇಳಿದಳು.

“ಅದಕ್ಕೇನು ಮೇಡಂ, ಮಾಡ್ಕೊಡ್ತಾರೆ” ಎಂದಳು. “ಮಕ್ಕಳು ಕೇಳೋ ಪ್ರಶ್ನೆಗೆಲ್ಲ ನಾನು ಉತ್ತರ ಹೇಳ್ತೀನಿ. ಕೆಲಸ ಮಾಡುವಾಗ ಇವರು ಮಾತಾಡಲ್ಲ.”