ಮೇಷ್ಟ್ರ ಧ್ವನಿ ಬೆಚ್ಚಗೆ ಮಾಡಿದ್ದು

ರೆಕಾರ್ಡಿಂಗ್ ಕೋಣೆಯಲ್ಲಿ ಕೂತವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ. ತುಮಕೂರಿನಲ್ಲಿ ಜೆರಾಕ್ಸ್ ಅಂಗಡಿಯ ಹಿಂದೆ, ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ ಕೋಣೆಯೇ ನನ್ನ ಸ್ಟುಡಿಯೋ. ತೊಂಬತ್ತರ ದಶಕವನ್ನೆಲ್ಲ ಟೇಪಿನಲ್ಲೇ ಕಳೆದೆ. ಎರಡು ಸಾವಿರ ಇಸವಿ ದಾಟಿದ ಮೇಲೆ ಕಂಪ್ಯೂಟರ್ ತಂದೆ. ಧ್ವನಿ ತೊಳೆದಿಟ್ಟ ಹಾಗೆ ಸ್ವಚ್ಛವಾಯಿತು. ನಾನು ಹಿಗ್ಗಿದೆ, ಹಾಡುವವರು ಮುಖ ಸಿಂಡರಿಸಿದರು.

ಎಲ್ಲರಿಗಿಂತ ಮೊದಲು ಸಿಂಡರಿಸಿದವರು ನನಗೆ ಹಾರ್ಮೋನಿಯಂ ಕಲಿಸಿದ ಗುಬ್ಬಿಯ ಮೇಷ್ಟ್ರು. ನಾಟಕದಲ್ಲಿ ಹಾಡಿ ಹೆಸರು ಮಾಡಿದವರು. ವಯಸ್ಸು ಎಪ್ಪತ್ತು ದಾಟಿ ಉಸಿರು ಗಿಡ್ಡವಾಗಿತ್ತು. ಇನ್ನು ತಡ ಮಾಡಬಾರದೆಂದು ನಾನೇ ಒತ್ತಾಯ ಮಾಡಿ, ಸಿ.ಡಿ.ಗೆಂದು ಹತ್ತು ಹಾಡು ಹಾಡಿಸಿದ್ದೆ. ಕೇಳಿ, "ಇದು ನನ್ನ ಧ್ವನಿ ಅಲ್ಲ ಕಣಪ್ಪಾ, ತಣ್ಣಗೈತೆ. ಹಿಂಗೇ ಆದ್ರೆ ಆಚೆಗೆ ಬಿಡ್ಬೇಡ" ಅಂದರು. ಅವರನ್ನು ಮತ್ತೆ ಹಾಡಿಸುವಂತಿರಲಿಲ್ಲ. ಇದ್ದದ್ದನ್ನೇ ಸರಿಮಾಡಬೇಕಿತ್ತು.

ಗೆಳೆಯನೊಬ್ಬ ಸ್ಯಾಚುರೇಷನ್ ಪ್ಲಗಿನ್ ಎಂಬ ಸಣ್ಣ ಸಾಫ್ಟ್‌ವೇರ್ ಹಾಕಿಕೊಟ್ಟ. ಹಳೇ ಟೇಪು ತಾನಾಗಿ ಸೇರಿಸುತ್ತಿದ್ದ ಚೂರು ಒಡಕನ್ನು ಇದು ಬೇಕೆಂದೇ ಸೇರಿಸಿ ಧ್ವನಿಗೆ ಮೈ ತುಂಬಿಸುತ್ತದೆ. ಸಾರಿಗೆ ಒಗ್ಗರಣೆ ಇದ್ದ ಹಾಗೆ, ಸ್ವಲ್ಪ ಹೆಚ್ಚಾದರೂ ಸೀದ ವಾಸನೆ. ಮೇಷ್ಟ್ರ ಹಾಡಿಗೆ ಕೈಹಾಕುವ ಮೊದಲು ಬೇರೆಯವರ ಮೇಲೆ ಪಳಗೋಣ ಅಂದುಕೊಂಡೆ.

1. ಸುರುಳಿ ಮುಗೀತದೆ

ಮೊದಲು ಸಿಕ್ಕವರು ಅಮೃತೂರು ಕಡೆಯ ಭಜನೆ ಮಂಡಳಿಯವರು. ಆ ಪ್ಲಗಿನ್ ತೆರೆದರೆ ಪರದೆ ಮೇಲೆ ಹಳೇ ಟೇಪ್ ಮಿಷಿನ್ನಿನ ಚಿತ್ರ, ತಿರುಗುವ ಎರಡು ಸುರುಳಿ. ನೋಡಿ ಧೈರ್ಯ ಬರಲಿ ಎಂದು ಪರದೆಯನ್ನು ಅವರ ಕಡೆಗೇ ತಿರುಗಿಸಿಟ್ಟೆ.

ಮೊದಲ ಹಾಡು ಅರ್ಧ ಚೆನ್ನಾಗಿಯೇ ಹೋಯಿತು. ಆಮೇಲೆ ಇದ್ದಕ್ಕಿದ್ದಂತೆ ಎಲ್ಲರೂ ಓಡತೊಡಗಿದರು. ತಬಲದವನು ಕೊನೇ ಬಸ್ಸು ತಪ್ಪಿದವನಂತೆ ಹಿಂದೆ ಬಿದ್ದ. ನಾನು ಕೈ ಎತ್ತುವಷ್ಟರಲ್ಲಿ ಮಂಗಳವನ್ನೂ ಹಾಡಿ ಕೈಮುಗಿದುಬಿಟ್ಟರು.

"ಇನ್ನೂ ಏಳು ಹಾಡು ಇದಾವಲ್ಲ, ಮಂಗಳ ಯಾಕೆ ಹಾಡಿದ್ರಿ?" ಅಂದೆ.

ಮಂಡಳಿಯ ಯಜಮಾನರು ಪರದೆ ತೋರಿಸಿದರು. "ಎಡಗಡೆ ಸುರುಳಿ ಸಣ್ಣಗಾಗ್ತಾ ಬಂತಲ್ಲ ಸಾರ್. ಮಂಗಳ ಅರ್ಧಕ್ಕೆ ನಿಂತ್ರೆ ಊರಿಗೆ ಒಳ್ಳೇದಲ್ಲ."

ಸುರುಳಿ ಸಣ್ಣಗಾಗಿರಲಿಲ್ಲ, ಭಯಕ್ಕೆ ಹಾಗೆ ಕಂಡಿತ್ತು. ತಪ್ಪು ನನ್ನದೂ ಇತ್ತು. ಕ್ಯಾಸೆಟ್ ಕಾಲದಲ್ಲಿ ಒಂದು ಮಗ್ಗುಲು ಮುಗಿಯುತ್ತಿದ್ದಂತೆ ಗಾಜಿನ ಆಚೆಯಿಂದ ಕೈಬೀಸಿ ಅವರನ್ನು ಓಡಿಸುತ್ತಿದ್ದವನು ನಾನೇ. ಇದು ಬರೀ ಚಿತ್ರ, ಮುಗಿಯುವುದೇ ಇಲ್ಲ ಎಂದು ಬಿಡಿಸಿ ಹೇಳಿದೆ. ಯಜಮಾನರು ಸಮಾಧಾನವಾಗಿ ಕೇಳಿ ತಲೆಯಾಡಿಸಿದರು.

"ಆಗ್ಲಿ ಸಾರ್. ಆದ್ರೂ ಯಾವುದಕ್ಕೂ ಒಂದ್ಸಲ ತಿರುವಿ ಹಾಕ್ಬುಡಿ."

2. ಒಡೆದಷ್ಟೂ ಚೆಂದ

ಕುಣಿಗಲ್ಲಿನ ಬಟ್ಟೆ ಅಂಗಡಿಯವರೊಬ್ಬರು ಆಟೋದಲ್ಲಿ ಕೂಗಿಸಲು ಜಾಹೀರಾತು ಮಾಡಿಸಿದರು. ಒಗ್ಗರಣೆ ಹದವಾಗಿ ಹಾಕಿ, ಧ್ವನಿಯನ್ನು ರೇಷ್ಮೆಯಂತೆ ಮಾಡಿ ಕೇಳಿಸಿದೆ. ಅವರು ಕಣ್ಣು ಕಿರಿದು ಮಾಡಿದರು.

"ಮನೇಲಿ ಕೂತ್ಕೊಂಡು ಮಾತಾಡ್ದಂಗೈತೆ. ಇದಕ್ಕೆ ಯಾರು ತಿರುಗಿ ನೋಡ್ತಾರೆ?"

ಸಿಟ್ಟಿಗೆ ಒಡಕು ಹೆಚ್ಚಿಸುವ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಧ್ವನಿ ಚಿಂದಿಯಾಯಿತು. ಸೀರೆ ಯಾವುದು, ಶರ್ಟು ಯಾವುದು ತಿಳಿಯುವಂತಿರಲಿಲ್ಲ. ಅವರ ಮುಖ ಅರಳಿತು. "ಹಾಂ, ಇದು ಅನೌನ್ಸ್‌ಮೆಂಟು. ಮೊದಲೇ ಯಾಕೆ ಮುಚ್ಚಿಟ್ಕೊಂಡಿದ್ರಿ?"

ವಾರದೊಳಗೆ ಅದೇ ಬೀದಿಯ ಎದುರು ಅಂಗಡಿಯವರು ಬಂದು ಕೂತರು. ಕಾಫಿ ಕುಡಿದು ಮೆತ್ತಗೆ ಕೇಳಿದರು: "ಅವರಿಗೆ ಒಡೆದಿದ್ದೀರಲ್ಲ, ನಮಗೆ ಅದಕ್ಕಿಂತ ಒಂಚೂರು ಜಾಸ್ತಿ ಒಡೆದು ಕೊಡಿ."

3. ಗುಬ್ಬಿಯಲ್ಲಿ ಪರೀಕ್ಷೆ

ಇಷ್ಟೆಲ್ಲ ಪಳಗಿ ಮೇಷ್ಟ್ರ ಹಾಡಿಗೆ ಕೂತೆ. ಒಂದೊಂದು ಹಾಡಿಗೂ ಒಂದೊಂದು ದಿನ. ಮೊದಲ ಸಲ ತಗೊಂಡು ಹೋದೆ, ಅಲ್ಲ ಅಂದರು. ಎರಡನೇ ಸಲವೂ ಅಲ್ಲ. ಮೂರನೇ ಸಲ, ಮಗಳು ತಂದುಕೊಟ್ಟಿದ್ದ ಹೊಸ ಸಿ.ಡಿ. ಪ್ಲೇಯರಿಗೆ ಹಾಕಿ ಮೂರು ಹಾಡು ಪೂರ್ತಿ ಕೇಳಿದರು. ಆಮೇಲೆ ತಾವೇ ಎದ್ದು ಪ್ಲೇಯರ್ ನಿಲ್ಲಿಸಿದರು.

"ಬುಡಪ್ಪಾ, ನಿಂದೇನೂ ತಪ್ಪಿಲ್ಲ. ನನ್ನ ಗಂಟ್ಲೇ ಹೋಗಿರ್ಬೇಕು. ನಂಗೇ ತಿಳೀಲಿಲ್ಲ."

ಅದಕ್ಕಿಂತ ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಕೊನೇ ಪ್ರಯತ್ನವೆಂದು, "ಮೇಷ್ಟ್ರೇ, ನೀವು ದಿನಾ ಕೇಳೋ ನಿಮ್ಮ ಹಳೇ ಹಾಡಿನ ಕ್ಯಾಸೆಟ್ ಒಂದ್ಸಲ ಹಾಕಿ. ಅದರಲ್ಲಿರೋದು ಏನೂಂತ ನೋಡ್ತೀನಿ" ಅಂದೆ.

ಅವರ ಹೆಂಡತಿ, ನಾವೆಲ್ಲ ಅಮ್ಮ ಅನ್ನುವವರು, ಒಳಗಿನಿಂದ ಟೇಪ್‌ರೆಕಾರ್ಡರ್ ಎತ್ತಿಕೊಂಡು ಬಂದರು. ಅದಕ್ಕೆ ಕೆಂಪು ಮಖಮಲ್ಲಿನ ಗವಸು, ಸುತ್ತ ಜರಿ. ರಾಜನ ಪಾತ್ರದ ಹಳೇ ಅಂಗಿ ಕತ್ತರಿಸಿ ಅಮ್ಮನೇ ಹೊಲಿದದ್ದು. ಧೂಳು ಕೂರಬಾರದೆಂದು ಮುಂದುಗಡೆಯ ಸ್ಪೀಕರನ್ನೂ ಮುಚ್ಚಿ, ಗುಂಡಿ ಒತ್ತುವಷ್ಟು ಮಾತ್ರ ಕಿಂಡಿ ಬಿಟ್ಟಿದ್ದರು. ಹಾಡು ಶುರುವಾಯಿತು. ಧ್ವನಿ ಗುಂಡಗೆ, ಬೆಚ್ಚಗೆ ಬಂತು. ಮೇಷ್ಟ್ರ ಮುಖದಲ್ಲಿ ಕಳೆ ಬಂತು.

ಒಳಗೆ ಏನಿದೆ ನೋಡೋಣವೆಂದು ಗವಸು ಮೇಲೆತ್ತಿದೆ.

"ಏಯ್, ಏನ್ಲಾ ಮಾಡ್ದೆ? ಧ್ವನಿ ಕೆಡಿಸ್ದಲ್ಲೋ" ಅಂದರು ಮೇಷ್ಟ್ರು.

ಮತ್ತೆ ಇಳಿಸಿದೆ, ಸರಿಹೋಯಿತು. ಎತ್ತಿದೆ, ಕೆಟ್ಟಿತು. ಇಪ್ಪತ್ತು ವರ್ಷದಿಂದ ಅವರು ತಮ್ಮ ಧ್ವನಿಯನ್ನು ರಾಜನ ಅಂಗಿಯ ಮೂಲಕವೇ ಕೇಳುತ್ತಿದ್ದರು. ನಾನು ಗವಸು ಬಿಚ್ಚಿ ಸಿ.ಡಿ. ಪ್ಲೇಯರಿನ ಸ್ಪೀಕರುಗಳ ಮೇಲೆ ಹೊದಿಸಿ ಹಾಡು ಹಚ್ಚಿದೆ.

ಮೇಷ್ಟ್ರು ಕಣ್ಣು ಮುಚ್ಚಿ ಕೂತರು. ಪಲ್ಲವಿ ಮುಗಿಯುವಷ್ಟರಲ್ಲಿ ಕೆನ್ನೆ ಒದ್ದೆಯಾಗಿತ್ತು. "ಇದು ನಾನೇ ಕಣಪ್ಪಾ. ಗಂಟ್ಲು ಹೋಗಿಲ್ಲ" ಅಂದರು. ನನಗೂ ಕಣ್ಣು ತುಂಬಿತು. ತಿಂಗಳುಗಟ್ಟಲೆ ಗುಂಡಿ ತಿರುಗಿಸಿದ್ದೆಲ್ಲ ಒಂದು ಗೇಣು ಬಟ್ಟೆಯ ಮುಂದೆ ದಂಡವಾಗಿತ್ತು, ಆದರೂ ಅಷ್ಟು ಸಂತೋಷ ನನಗೆ ನನ್ನ ರೆಕಾರ್ಡಿಂಗ್ ಕೋಣೆಯಲ್ಲಿ ಯಾವತ್ತೂ ಆಗಿರಲಿಲ್ಲ.

"ಹಂಗಾದ್ರೆ ಆಚೆಗೆ ಬಿಡ್ಲಾ ಮೇಷ್ಟ್ರೇ?" ಅಂದೆ.

ಅವರು ಒಪ್ಪಿ ತಲೆಯಾಡಿಸುವಷ್ಟರಲ್ಲಿ ಅಮ್ಮ ಹೊಲಿಗೆ ಮಿಷಿನ್ನಿನ ಡ್ರಾಯರಿನಿಂದ ಅಳತೆ ಟೇಪು ತೆಗೆದು ನನ್ನ ಕೈಗಿಟ್ಟರು.

"ಧಾರಾಳವಾಗಿ ಬಿಡಪ್ಪಾ. ಸಿ.ಡಿ. ತಗೊಂಡೋರ್ಗೆಲ್ಲ ಅವರವರ ಪೆಟ್ಟಿಗೆ ಅಳತೆ ಕಳ್ಸೋಕೆ ಹೇಳು. ಇವ್ರು ಮಂತ್ರಿ ಪಾತ್ರ ಮಾಡ್ತಿದ್ದಾಗಿನ ಅಂಗಿ ಇನ್ನೂ ಎರಡು ಇದಾವೆ."