ನಮ್ಮವರ ನೆಳ್ಳಿನ ಬೆಳೆ

ನಮ್ಮ ಮನೆಯವರು ಏನು ಮಾಡುತ್ತಾರೆಂದು ಹೊಸಬರು ಕೇಳಿದರೆ ಒಕ್ಕಲುತನ ಎನ್ನುತ್ತೇನೆ. ಸುಳ್ಳೇನಲ್ಲ. ಆದರೆ ಏನು ಬೆಳೆಯುತ್ತಾರೆಂದು ಮಾತ್ರ ದಯವಿಟ್ಟು ಕೇಳಬಾರದು. ಅವರು ನೆರಳು ಬೆಳೆಯುತ್ತಾರೆ! ಹೆಸರನ್ನೂ ಕೇಳಬೇಡಿ. ಗಂಡನ ಹೆಸರು ಹೇಳುವ ರೂಢಿ ನನಗಿನ್ನೂ ಆಗಿಲ್ಲ. ಇದನ್ನು ಓದಿದ ಮೇಲೆ ಅವರೂ ಹೇಳಿಕೊಳ್ಳಲಾರರು.

ಉಗರಗೋಳದ ದಾರಿಗೆ ನಮ್ಮದೊಂದು ನಾಲ್ಕು ಎಕರೆ ಕಲ್ಲುನೆಲದ ಮಡ್ಡಿ ಹೊಲವಿದೆ. ಅದರ ತುಂಬ ಕರಿಜಾಲಿ, ನಡುನಡುವೆ ಬೇವು. ಗಿಡಗಳ ಕೆಳಗೆ ಹುಲ್ಲು, ಹುಲ್ಲಿನೊಳಗೆ ನಲವತ್ತು ಕುರಿ. ನಾನು ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಮೊದಲಿಗೆ. ಆಗ ಸುತ್ತಲಿನವರೆಲ್ಲ ಬದುವಿನ ಗಿಡವನ್ನೂ ಬಿಡದೆ ಕಡಿದು ಹತ್ತಿ, ಗೋವಿನಜೋಳ ಹಾಕುತ್ತಿದ್ದರು. ನಮ್ಮ ಮಾವನವರಿಗೂ ಅದೇ ಆಸೆ. ಜಾಲಿ ಕಡಿಸಬೇಕು, ಹತ್ತಿ ಹಾಕಬೇಕು ಎಂದು ದಿನಾ ರೊಟ್ಟಿಯ ಜೊತೆ ಒಮ್ಮೆ ಹೇಳುವರು. ನಮ್ಮವರು ಇದೊಂದು ವರ್ಷ ತಡೆಯಿರಿ ಎನ್ನುವರು. ಹೀಗೆ ಒಂದೊಂದೇ ವರ್ಷದ ಜಾಮೀನಿನ ಮೇಲೆ ಆ ಗಿಡಗಳು ನಿಂತಿದ್ದವು. ನಾನು ಯಾರ ಪಕ್ಷ? ಒಳಗೊಳಗೇ ಮಾವನವರ ಪಕ್ಷ!

ನಮ್ಮ ಮನೆತನದಲ್ಲಿ ಕುರಿ ಸಾಕಿದವರೇ ಇಲ್ಲ. ಬೈಲಹೊಂಗಲದಿಂದ ಬಂದ ನನ್ನ ತಮ್ಮ ಇದನ್ನೆಲ್ಲ ನೋಡಿ, "ನೀವು ಮಾಂಸ ತಿನ್ನೂದಂತೂ ಇಲ್ಲ. ಮತ್ತ ಕುರಿ ಯಾಕ್ರಿ ಮಾವ?" ಎಂದು ಕೇಳಿದ.

"ಹಿಕ್ಕಿಗೆ," ಎಂದರು ನಮ್ಮವರು, ಮುತ್ತಿನ ವ್ಯಾಪಾರಿಯ ಹಾಗೆ.

ಗಿಡ ಕಾಯಿ ಉದುರಿಸುತ್ತದೆ, ಕುರಿ ಕಾಯಿ ತಿನ್ನುತ್ತದೆ, ಹಿಕ್ಕಿ ಬೀಳುತ್ತದೆ, ಹುಲ್ಲು ಏಳುತ್ತದೆ, ಹುಲ್ಲನ್ನು ಮತ್ತೆ ಕುರಿ ತಿನ್ನುತ್ತದೆ ಎಂದು ಬೆರಳು ಸುತ್ತಿಸಿ ಸುತ್ತಿಸಿ ವಿವರಿಸಿದರು. ತಮ್ಮ ಮೂರು ಸುತ್ತು ಕೇಳಿದ. ಆಮೇಲೆ ನನ್ನನ್ನು ಅಡಿಗೆಮನೆಗೆ ಕರೆದು, "ಅಕ್ಕಾ, ಇದರಾಗ ನಿನ್ನ ಪಾಲಿಗೆ ಏನ್ ಬರತೈತಿ?" ಎಂದ.

"ಬುತ್ತಿ ಹೊರೂದು," ಎಂದೆ.

ಬುತ್ತಿಯ ಕಷ್ಟ ನಿಮಗೆ ಗೊತ್ತಿಲ್ಲ. ಹುಲ್ಲು ಮತ್ತೆ ಚಿಗಿಯಬೇಕೆಂದು ದಿನಕ್ಕೊಂದು ಗಿಡದ ಕೆಳಗೆ ಕುರಿ ಮೇಯಿಸುವುದು ಅವರ ನೇಮ. ಒಂದು ದಿನ ಹೊರಡುವಾಗ ಹನ್ನೊಂದನೇ ಗಿಡಕ್ಕೆ ಬಾ ಎಂದರು. ನಾನು ಬದುವಿನಿಂದ ಎಣಿಸುತ್ತ ಹೋದೆ. ಹನ್ನೊಂದನೇ ಗಿಡದ ಕೆಳಗೆ ಒಂದು ಓತಿಕ್ಯಾತ ಬಿಟ್ಟರೆ ಯಾರೂ ಇಲ್ಲ! ಇವರು ಹೊಲದ ಆ ತುದಿಯಲ್ಲಿ ಕುಳಿತು ಹಸಿವೆಯಿಂದ ಸಿಡಿಮಿಡಿ ಎನ್ನುತ್ತಿದ್ದರು. ಮೊದಲು ಕಾಯಿ ಉದುರಿಸಿದ ಗಿಡ ಒಂದನೆಯದಂತೆ, ಆಮೇಲಿನದು ಎರಡನೆಯದಂತೆ. ಅಷ್ಟೂ ತಿಳಿಯುವುದಿಲ್ಲವೇ ಎಂದು ನನಗೇ ಬೈದರು. ಮರುವರ್ಷ ಕಾಯಿ ಉದುರುವ ಸರದಿ ಬದಲಾಯಿತು, ನಂಬರೂ ಬದಲಾದವು!

ಭಾರತ ಹುಣ್ಣಿಮೆ ಬಂದರೆ ಎಲ್ಲಮ್ಮನ ಗುಡ್ಡದ ಜಾತ್ರೆಗೆ ಹೋಗುವ ಚಕ್ಕಡಿಗಳ ಸಾಲು. ಇವರು ರಸ್ತೆಗೆ ನಿಂತು ಕೈಮಾಡಿ ಕರೆಯುವರು. ಎಂಥ ಭಕ್ತಿ ಅಂದಿರಾ? ಅವರು ಕರೆಯುತ್ತಿದ್ದದ್ದು ಎತ್ತುಗಳನ್ನು, ಸಗಣಿಯ ಆಸೆಗೆ! ಮನುಷ್ಯರು ಜೊತೆಗೆ ಬಂದರೆ ಅಡ್ಡಿಯಿಲ್ಲ, ಅಷ್ಟೆ. ಇಳಿದುಕೊಂಡವರ ಹತ್ತಿರ ಹೋಗಿ, ಇಲ್ಲಿ ಹೆಂಡಿ ಸಾಕಷ್ಟಾಯಿತು, ನಾಳೆ ಎತ್ತುಗಳನ್ನು ಆ ಬೇವಿನ ಕೆಳಗೆ ಕಟ್ಟಿರಿ ಎಂದು ವಿನಯದಿಂದ ಕೇಳುವರು. ಬರಬರುತ್ತ ಚಕ್ಕಡಿ ಹೋಗಿ ಟ್ರ್ಯಾಕ್ಟರ್ ಬಂದವು. ಒಂದಿಷ್ಟು ಮಂದಿ ನಮ್ಮ ಜಾಲಿಯ ಕೆಳಗೆ ಟ್ರ್ಯಾಕ್ಟರ್ ನಿಲ್ಲಿಸಿ ಒಲೆ ಹೂಡಿದರು. ನಮ್ಮವರು ಅದರ ಸುತ್ತ ಎರಡು ಸಲ ತಿರುಗಿ, "ಇದು ಹೆಂಡಿ ಹಾಕತೈತೇನ್ರಿ?" ಎಂದು ಕೇಳಿದರು. ಪಾಪ, ಅವರು ಅರ್ಧ ಬೆಂದ ಅನ್ನ ಎತ್ತಿಕೊಂಡು ಹೊರಟೇಹೋದರು.

ಇದೆಲ್ಲವನ್ನೂ ಮಾವನವರು ನುಂಗಿಕೊಂಡಿದ್ದರು. ನುಂಗಲಾಗದ್ದು ಉತಾರಿನ, ಅಂದರೆ ಪಹಣಿಯ ಸಂಗತಿ. ಕಿತ್ತೂರು ಕಡೆಯಿಂದ ಹೊಸದಾಗಿ ಬಂದ, ಊರ ಲೆಕ್ಕ ಬರೆಯುವ ತಲಾಠಿ ಚಾವಡಿಯಲ್ಲಿ ಕುಳಿತು, ಮಡ್ಡಿಯಲ್ಲಿ ಏನು ಬೆಳೆ ಎಂದು ಕೇಳಿದರಂತೆ. ನಮ್ಮವರು ನಿಜವನ್ನೇ ಹೇಳಿದರು: "ನೆಳ್ಳ." ಆ ಕಡೆಯವರ ಕಿವಿ ಗದ್ದೆಯ ಕಿವಿ. ನಮ್ಮ ನೆರಳಿನ ನೆಳ್ಳು ಅವರಿಗೆ ನೆಲ್ಲಾಗಿ ಕೇಳಿಸಿತು. ಬರೆದುಬಿಟ್ಟರು, ಭತ್ತ! ಕಲ್ಲುಮಡ್ಡಿಯ ನಾಲ್ಕೂ ಎಕರೆ ಭತ್ತ! ಒಂದು ತಿಂಗಳು ನಾನು ನಳಕ್ಕೆ ನೀರಿಗೆ ಹೋದಾಗಲೆಲ್ಲ ಹೆಂಗಸರು ಹೊಸ ಅಕ್ಕಿ ಯಾವಾಗ ಕೊಡುತ್ತೀ ಎಂದು ಕೇಳುವರು. ಕಟ್ಟೆಯ ಮೇಲೆ ಮಾವನವರನ್ನು ಏನೇನು ಕೇಳಿದರೋ! ತಿಂಗಳು ತುಂಬುತ್ತಲೇ ಮಾವನವರು ರಾಮದುರ್ಗದ ಕಡೆಯ ಗಿಡ ಕಡಿಯುವವರಿಗೆ ಹೇಳಿಕಳಿಸಿದರು. ಈ ಸಲ ಒಂದು ವರ್ಷವಲ್ಲ, ಒಂದು ದಿನವೂ ತಡೆಯುವುದಿಲ್ಲವೆಂದರು.

ಅವರು ಬಂದ ದಿನ ನಾನು ಹೊಲ ಮುಟ್ಟುವಾಗ ಮಧ್ಯಾಹ್ನದ ಬಿಸಿಲು. ಮಾವನವರು ಬದುವಿನ ಮೇಲೆ ಕೊಡೆ ಹಿಡಿದು ಕುಳಿತಿದ್ದರು. ಆಳುಗಳು ಕೊಡಲಿ ಮಸೆಯುತ್ತಿದ್ದರು. ನಮ್ಮವರು ಜಗಳವಾಡಿರಬಹುದು ಎಂದುಕೊಂಡಿದ್ದೆ. ಇಲ್ಲ. ಗಿಡ ಬಿದ್ದರೆ ಕುರಿಗೆ ಪೆಟ್ಟಾದೀತೆಂದು ಅವುಗಳನ್ನು ಗಿಡದ ಬುಡದಿಂದ ಎಬ್ಬಿಸಿ ಬಯಲಿಗೆ ಹೊಡೆಯುತ್ತಿದ್ದರು. ಬಯಲಿಗೆ ಬಂದ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿಕೊಂಡು ನಿಂತವು. ಇದ್ದಷ್ಟು ನೆರಳನ್ನು ಅವು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದವು. ಇವರು ತಲೆಗೆ ಸುತ್ತಿದ ಟವೆಲ್ ಬಿಚ್ಚಿ, ಎರಡೂ ಕೈಯಿಂದ ಅಗಲ ಮಾಡಿ, ಅವುಗಳ ಮೇಲೆ ಹಿಡಿದು ನಿಂತರು. ನಲವತ್ತು ಕುರಿಗೆ ಒಂದು ಟವೆಲ್!

ನಗಬೇಕಿತ್ತು. ನಗೆ ಬರಲಿಲ್ಲ.

ಆ ಮನೆಗೆ ಬಂದು ಹನ್ನೆರಡು ವರ್ಷವಾದರೂ ಮಾವನವರ ಎದುರು ನಾನು ಬಾಯಿ ತೆರೆದವಳಲ್ಲ. ಚಹಾ ಕೊಡಬೇಕಾದರೂ ಬಾಗಿಲ ಚಿಲಕ ಅಲ್ಲಾಡಿಸಿ ಒಳಗೆ ಸರಿಯುತ್ತಿದ್ದೆ. ಅವತ್ತು ಬುತ್ತಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಬದುವಿಗೆ ಹೋದೆ.

"ಮಾವಾರ, ಗಿಡ ಕಡಸಬ್ಯಾಡ್ರಿ."

ಅವರು ನನ್ನ ಮುಖ ನೋಡಿದರು. ಮಾತಾಡಿದವರು ಬೇರೆ ಯಾರಾದರೂ ಇದ್ದಾರೇನೋ ಎಂದು ನನ್ನ ಹಿಂದೆಯೂ ನೋಡಿದರು. ಆಮೇಲೆ ಆಳುಗಳ ಕಡೆ ತಿರುಗಿದರು.

"ಹೋಗ್ರಿ ನಿಮ್ಮ ಊರಿಗೆ. ನಮ್ಮ ಸೊಸಿ ಮಾತಾಡ್ಯಾಳ."

ಕುರಿಗಳು ಯಾರ ಅಪ್ಪಣೆಗೂ ಕಾಯದೆ ಗಿಡದ ಬುಡಕ್ಕೆ ಓಡಿದವು. ನಮ್ಮವರು ನನ್ನ ಹತ್ತಿರ ಬಂದರು. ಜಾಲಿಯ ಕೆಳಗೆ ಬಿದ್ದ ಮುಳ್ಳುಗಳನ್ನು ಕೈಯಿಂದಲೇ ಬಳಿದು, ಅದೇ ಟವೆಲ್ ಹಾಸಿ, "ಕುಂದರ," ಎಂದರು. ಕುಳಿತೆ. ಪಕ್ಕದಲ್ಲಿ ಅವರೂ ಕುಳಿತರು.

ಮಾವನವರು ಕೊಡೆ ಮಡಚಿ, ಬೇವಿನ ನೆರಳಿಗೆ ಸರಿದು, ನಮ್ಮಿಬ್ಬರಿಗೂ ಬೆನ್ನು ಮಾಡಿ, ಯಾರೂ ಬರದ ರಸ್ತೆಯನ್ನು ನೋಡುತ್ತ ಕುಳಿತರು.