ಯಾರಿಗೂ ತಿಳಿಯದ ಬೀಗದ ಕೈ

ಈ ಭೂಮಂಡಲದಲ್ಲಿ ಕಾಡತೂಸನ್ನು ನನ್ನಷ್ಟು ಭದ್ರವಾಗಿ ಇಡಬಲ್ಲವನು ಇನ್ನೊಬ್ಬ ಹುಟ್ಟಿಲ್ಲ ಎಂದು ಹೋದ ವರ್ಷ ಊರವರ ಮುಂದೆ ಘೋಷಿಸಿಬಿಟ್ಟೆ. ಹಾಗೆ ಘೋಷಿಸುವಂತೆ ಮಾಡಿದವರು ತಪಾಸಣೆಗೆ ಬಂದ ಪೊಲೀಸ್ ಸಾಹೇಬ ಕುರೋಗಿ-ಸಾನ್. ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ್ದ ಕಾಡತೂಸು ಪೆಟ್ಟಿಗೆಯ ಬೀಗದ ಕೈಯನ್ನು ನೋಡಿ, "ನಾಗಾತೊಮೊ-ಸಾನ್, ಇದೇನು ಬೀಗದ ಕೈಯೋ, ಮನೆ ಅಲಂಕಾರವೋ?" ಎಂದು ನನ್ನ ಮಾನ ಹರಾಜು ಹಾಕಿದ್ದರು.

ನಮ್ಮಲ್ಲಿ ಕಾನೂನು ಬಲು ಬಿಗಿ. ಕೋವಿ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿರಬೇಕು, ಕಾಡತೂಸು ಇನ್ನೊಂದರಲ್ಲಿ. ಬೀಗದ ಕೈ ಎಲ್ಲಿದೆಯೆಂದು ಲೈಸೆನ್ಸ್ ಇರುವವನಿಗೆ ಮಾತ್ರ ಗೊತ್ತಿರಬೇಕು, ಕಟ್ಟಿಕೊಂಡ ಹೆಂಡತಿಗೂ ಗೊತ್ತಿರಕೂಡದು. ಐವತ್ತು ವರ್ಷ ಸಂಸಾರ ಮಾಡಿದವನಿಗೆ ಇದಕ್ಕಿಂತ ಕಠಿಣ ಶಿಕ್ಷೆಯನ್ನು ಯಾವ ಸರ್ಕಾರವೂ ಕೊಟ್ಟಿರಲಾರದು. ನನ್ನ ಫುಸಾಯೆಗೆ ನನ್ನ ಬನಿಯನ್ನಿನಲ್ಲಿ ಎಷ್ಟು ತೂತಿವೆಯೆಂಬುದೂ ಗೊತ್ತು.

ಆದರೂ ಸಾಧಿಸಿದೆ. ಚಳಿಗಾಲದ ಬೇಟೆ ಮುಗಿದ ದಿನವೇ, ಅಪ್ಪನ ಕಾಲದ ಆ ಕಬ್ಬಿಣದ ಬೀಗದ ಕೈಯನ್ನು ಕೊಟ್ಟಿಗೆಯ ಮೊಳೆ ಡಬ್ಬಿಯ ತಳಕ್ಕೆ ಸೇರಿಸಿದೆ. ಫುಸಾಯೆ ಸುತ್ತಿಗೆ ಹಿಡಿದವಳಲ್ಲ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಬೇಸಿಗೆ ಕಳೆಯುತ್ತಿದ್ದಂತೆ ಮತ್ತೆ ತಪಾಸಣೆಯ ದಿನ ಬಂತು. ಬೆಳಿಗ್ಗೆ ಡಬ್ಬಿ ಸುರಿದು ನೋಡಿದರೆ ಬರೀ ಮೊಳೆ. ಬೀಗದ ಕೈ ಇಲ್ಲ.

ನನಗೀಗ ಎಪ್ಪತ್ತೈದು. ಈ ವಯಸ್ಸಾದವರಿಗೆ ಲೈಸೆನ್ಸ್ ಉಳಿಯಬೇಕಾದರೆ ಮರೆವಿನ ಪರೀಕ್ಷೆ ಪಾಸಾಗಬೇಕು, ಅದು ಮುಂದಿನ ತಿಂಗಳೇ ಇತ್ತು. ಬೀಗದ ಕೈ ಎಲ್ಲಿಟ್ಟೆನೆಂದು ಮರೆತವನನ್ನು ಯಾರು ಪಾಸು ಮಾಡುತ್ತಾರೆ? ಹನ್ನೊಂದು ಮನೆಯ ನಮ್ಮ ಬೆಟ್ಟದೂರಿನಲ್ಲಿ ಉಳಿದಿರುವುದು ಇದೊಂದೇ ಕೋವಿ. ಗೆಣಸಿನ ಹೊಲಕ್ಕೆ ಹಂದಿ ನುಗ್ಗಿದರೆ ಜನ ನನ್ನ ಬಾಗಿಲಿಗೇ ಓಡಿಬರುತ್ತಾರೆ. ಲೈಸೆನ್ಸ್ ಹೋದರೆ ನಾನು ಬರೀ ಮುದುಕ, ಅಷ್ಟೇ.

ಡಬ್ಬಿಯಲ್ಲೇ ಇಟ್ಟಿದ್ದೆನೇ ಅಥವಾ ಇಟ್ಟಂತೆ ಕನಸು ಕಂಡಿದ್ದೆನೇ? ಯೋಚಿಸಿದಷ್ಟೂ ತಲೆ ಕೆಸರಾಯಿತು. ಚಪ್ಪಲಿ ಗೂಡು, ಛತ್ರಿಯ ಹೊಟ್ಟೆ, ಕೊನೆಗೆ ಅಕ್ಕಿ ಡಬ್ಬಿ, ಎಲ್ಲ ಕಡೆ ಕೈ ಹಾಕಿದೆ.

"ಏನ್ರೀ, ಏನ್ ಹುಡುಕ್ತಿದೀರಿ?"

"ಏನಿಲ್ಲ."

"ಏನಿಲ್ಲದ್ದನ್ನ ಅಕ್ಕೀಲಿ ಹುಡುಕ್ತಾರಾ? ಹೇಗಿದೆ ಹೇಳಿ, ನಾನೂ ಹುಡುಕ್ತೀನಿ."

"ಹೇಳೋ ಹಾಗಿಲ್ಲ ಕಣೇ. ಕಾನೂನು."

"ಹಲ್ಲಿನ ಸೆಟ್ಟಾ? ಬಾಯಲ್ಲೇ ಇದೆ ನೋಡ್ಕೊಳ್ಳಿ."

ಅಳು ಬಂತು. ಸುಳ್ಳೇಕೆ ಹೇಳಲಿ, ಅಕ್ಕಿ ಡಬ್ಬಿಯೊಳಗೆ ತಲೆ ಹಾಕಿ ಒಂದೆರಡು ಹನಿ ಸುರಿಸಿಯೂಬಿಟ್ಟೆ. ಅಷ್ಟರಲ್ಲಿ ಕುರೋಗಿ-ಸಾನ್ ಬಾಗಿಲಲ್ಲಿದ್ದರು.

ಗಲ್ಲಿಗೇರುವವನೂ ಒಂದು ಲೋಟ ಚಹಾ ಕೇಳಬಹುದಂತೆ. ನಾನು ಸಾಹೇಬರಿಗೇ ಕೊಡಿಸಿದೆ. ಚಹಾದ ಜೊತೆ ಫುಸಾಯೆ ತೌಡಿನಲ್ಲಿ ಹುಳಿ ಬರಿಸಿದ ಬದನೆಕಾಯಿ ಹೋಳು ತಂದಿಟ್ಟಳು. ಸಾಹೇಬರು ಒಂದು ಹೋಳು ಎತ್ತಿದವರು ಹಾಗೇ ನೋಡುತ್ತ ಕೂತರು.

"ಏನ್ ಬಣ್ಣ ಅಮ್ಮ ಇದು! ನಮ್ಮನೇಲಿ ಮಾಡಿದ್ರೆ ಕೆಸರಿನ ಬಣ್ಣ ಬರುತ್ತೆ."

ಫುಸಾಯೆ ಅರಳಿದಳು. "ತೌಡಿಗೆ ತುಕ್ಕು ಕಬ್ಬಿಣ ಬೀಳ್ಬೇಕು ಸಾಹೇಬ್ರೆ, ಆಗ ನೇರಳೆ ಬಣ್ಣ ನಿಲ್ಲುತ್ತೆ. ಎಲ್ಲಾರೂ ಮೊಳೆ ಹಾಕ್ತಾರೆ. ದಿನಾ ಕೈಯಲ್ಲಿ ಕಲಸ್ಬೇಕಲ್ಲ, ನಂಗೆ ಚುಚ್ಚುತ್ತೆ. ಅದಕ್ಕೆ ಇವರ ಮೊಳೆ ಡಬ್ಬೀಲಿ ಯಾವ ಕಾಲದ್ದೋ ಒಂದು ಬೀಗದ ಕೈ ಬಿದ್ದಿತ್ತು, ಅದನ್ನೇ ಹಾಕಿದೀನಿ."

ನಾನು ಕೂತಲ್ಲಿಂದ ಒಂದು ಮೊಳ ಹಾರಿದೆ. "ನೋಡಿದ್ರಾ! ಮೊಳೆ ಡಬ್ಬೀಲೇ ಇಟ್ಟಿದ್ದೆ! ನನ್ನ ತಲೆ ನೆಟ್ಟಗಿದೆ!"

ಕೂಗಿದ ಮೇಲೆ, ಯಾರ ಮುಂದೆ ಏನು ಒದರಿದೆನೆಂದು ತಿಳಿಯಿತು. ಸಾಹೇಬರು ಚಹಾದ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು.

ಫುಸಾಯೆ ತೌಡಿನ ಮರಿಗೆಗೆ ಮೊಣಕೈವರೆಗೂ ಕೈ ಇಳಿಸಿ, ತೌಡು ಮೆತ್ತಿದ ಬೀಗದ ಕೈಯನ್ನು ಎಳೆದು ತೊಳೆದು ಕೊಟ್ಟಳು. ಪೆಟ್ಟಿಗೆ ತೆರೆಯಿತು. ಕಾಡತೂಸು ಇಟ್ಟಲ್ಲೇ ಇದ್ದವು, ಕೋಣೆಯೆಲ್ಲ ಹುಳಿ ತೌಡಿನ ವಾಸನೆ. ಸಾಹೇಬರು ಫಾರ್ಮು ಹಿಡಿದು ಹಣೆ ಉಜ್ಜಿಕೊಂಡರು.

"ಅದು ಎಲ್ಲಿದೆ ಅಂತ ಅಮ್ಮನಿಗೆ ಗೊತ್ತಿತ್ತು, ಏನು ಅಂತ ಗೊತ್ತಿರ್ಲಿಲ್ಲ. ಏನು ಅಂತ ನಿಮಗೆ ಗೊತ್ತಿತ್ತು, ಎಲ್ಲಿದೆ ಅಂತ ಗೊತ್ತಿರ್ಲಿಲ್ಲ. ಇದನ್ನ ನಾನು ಯಾವ ಕಾಲಂನಲ್ಲಿ ಬರೀಲಿ?"

ನನ್ನ ಮುಖ ನೋಡಿ ಅವರಿಗೇ ಕನಿಕರ ಬಂದಿರಬೇಕು. "ಈಗಲೇ ಬೇರೆ ಕಡೆ ಬಚ್ಚಿಡಿ. ನಾವಿಬ್ರೂ ಗೋಡೆ ಕಡೆ ತಿರುಗ್ತೀವಿ" ಎಂದರು.

ಸಾಹೇಬರೂ ನನ್ನ ಹೆಂಡತಿಯೂ ಶಾಲೆಯಲ್ಲಿ ಶಿಕ್ಷೆಗೊಳಗಾದ ಮಕ್ಕಳಂತೆ ಗೋಡೆಗೆ ಮುಖ ಮಾಡಿ ನಿಂತರು. ನಾನು ಕಳ್ಳ ಹೆಜ್ಜೆಯಲ್ಲಿ ಅಟ್ಟಕ್ಕೆ ಹೊರಟೆ.

"ಅಟ್ಟ ಬೇಡ ರೀ," ಫುಸಾಯೆ ತಿರುಗದೆಯೇ ಹೇಳಿದಳು. "ಮೂರನೇ ಮೆಟ್ಲು ಕಿರ್ ಅಂತು."

ತೀರಿಹೋದ ಹಿರಿಯರಿಗೆ ಪೂಜೆ ಮಾಡುವ ಪೀಠದ ಕಡೆ ಸರಿದೆ.

"ಅಲ್ಲೂ ಬೇಡ. ಗಂಟೆಗೆ ತೋಳು ತಗಲಿಸಿದ್ರಿ."

"ಇನ್ನೊಂದು ಸಲ ನೋಡಿ" ಎಂದರು ಸಾಹೇಬರು ಗೋಡೆಗೆ.

ಕೊನೆಗೆ ಉಸಿರು ಬಿಗಿಹಿಡಿದು, ಬರಿಗಾಲಲ್ಲಿ ಹಿತ್ತಲು ದಾಟಿ, ಸ್ನಾನದ ಒಲೆಯ ಹಿಂದಿನ ಕಲ್ಲಿನ ಸಂದಿಗೆ ತುರುಕಿ ಬಂದೆ. ಫುಸಾಯೆ ತುಟಿ ಬಿಚ್ಚಲಿಲ್ಲ. ಸಾಹೇಬರು ಸಹಿ ಹಾಕಿ, ಬದನೆಕಾಯಿ ಪೊಟ್ಟಣ ಕಟ್ಟಿಸಿಕೊಂಡು ಹೋದರು.

ಮುಂದಿನ ತಿಂಗಳು ಮರೆವಿನ ಪರೀಕ್ಷೆಯನ್ನೂ ಗೆದ್ದೆ. ಎದೆಯುಬ್ಬಿಸಿ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಬದನೆಕಾಯಿ ಬಂತು. ಅದೇ ನೇರಳೆ, ಅದೇ ಹೊಳಪು.

ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಒಲೆಯ ಹಿಂದಿನ ಸಂದಿಗೆ ಬೆರಳು ಹಾಕಿದೆ. ಅಲ್ಲಿ ಬೀಗದ ಕೈಯ ಬದಲು ಒಂದು ಮೊಳೆ ಇತ್ತು.

ವಾಪಸು ಬಂದು ಕೂತೆ. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕಾನೂನು ಕಾನೂನೇ. ಇನ್ನೆರಡು ಹೋಳು ಹಾಕಿಸಿಕೊಂಡು ಉಂಡೆ.